ದುಬೈಗೆ ಒಯ್ದ ಖಡಕ್ ರೊಟ್ಟಿ ಮೆತ್ತಗಾದರೆ
ಕೆಲಸಕ್ಕೆಂದು ದುಬೈಗೆ ಹೋದವರು ಧಾರವಾಡದಿಂದ ಒಯ್ದ ಖಡಕ್ ರೊಟ್ಟಿ ಅಲ್ಲಿ ಮೆತ್ತಗಾದರೆ, ಅದನ್ನು ಒಣ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಮಗ್ಗಲು ಕಾಯಿಸಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿರಿ. ಕಡಲ ದಂಡೆಯ ಗಾಳಿಯಲ್ಲಿರುವ ತೇವವನ್ನು ಒಣ ರೊಟ್ಟಿ ಹೀರಿಕೊಂಡು ಬಾಗುತ್ತದೆ. ಕಾವಿಗೆ ಆ ತೇವ ಆರಿಹೋದರೆ, ಮುರಿಯುವಾಗ ಮತ್ತೆ ಲಟ್ಟೆಂದು ಸದ್ದು ಮಾಡುತ್ತದೆ. ಬೂಷ್ಟು ಹಿಡಿದ ಅಥವಾ ಮೇಲಿನ ಎಳ್ಳು ಕನರು ವಾಸನೆ ಹೊಡೆಯುವ ರೊಟ್ಟಿಗೆ ಈ ಉಪಾಯ ನಡೆಯದು, ಅದನ್ನು ಬಿಸಾಡಲೇಬೇಕು. ಇನ್ನೊಂದು ಮಾತನ್ನು ದಯವಿಟ್ಟು ಮನೆಯ ಹಿರಿಯರಿಗೂ ತಿಳಿಸಿರಿ: ಯುಎಇಯಲ್ಲಿ ಗಸಗಸೆ ನಿಷಿದ್ಧವಾಗಿರುವುದರಿಂದ, ರೊಟ್ಟಿಯ ಜೊತೆಗೆ ಅವ್ವ ಕಟ್ಟಿಕೊಡುವ ಕರ್ಚಿಕಾಯಿ, ಅಂಟಿನ ಉಂಡಿ, ಮಸಾಲೆ ಪುಡಿಗಳಲ್ಲಿ ಅದರ ಒಂದು ಕಾಳೂ ಇರಬಾರದು.