ಕಣ್ಣಿನ ಬಿಳಿ ಭಾಗಕ್ಕೆ ಉರಿಯೂತ: ಚಿಕಿತ್ಸೆ ಹೇಗೆ?

ಕಣ್ಣು ಕೆಂಪಾಯಿತಾ? ಮದ್ರಾಸ್ ಐ ಇರಬೇಕು ಅಂತ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿಕೊಳ್ಳುತ್ತೇವೆ. ಸ್ಕ್ಲೆರೈಟಿಸ್‌ಗೆ ಇದು ನಡೆಯುವುದಿಲ್ಲ. ಇಲ್ಲಿ ಊದಿಕೊಳ್ಳುವುದು ಕಣ್ಣಿನ ಗಟ್ಟಿ ಬಿಳಿ ಪದರ. ಗೀಜು ಸಾಮಾನ್ಯವಾಗಿ ಇರುವುದಿಲ್ಲ. ಕೊರೆಯುವ ನೋವು ಹಣೆ, ದವಡೆಯವರೆಗೂ ಹೋಗುತ್ತದೆ, ನಡುರಾತ್ರಿ ಎಬ್ಬಿಸುತ್ತದೆ. ಕೆಂಪಿನಲ್ಲಿ ನೇರಳೆ ಛಾಯೆ ಕಾಣಬಹುದು.

ಮೊದಲು ಕಣ್ಣಿನ ಡಾಕ್ಟರ ಬಳಿ ಹೋಗಿ, ತಡಮಾಡಬೇಡಿ. ಅವರು ಫಿನೈಲೆಫ್ರಿನ್ ಹನಿ ಹಾಕಿ ಸ್ವಲ್ಪ ಹೊತ್ತು ಕೂರಿಸುತ್ತಾರೆ. ಮೇಲ್ಪದರದ ಕೆಂಪಾದರೆ ತಿಳಿಯಾಗುತ್ತದೆ, ಆಳದ್ದು ಹಾಗೇ ಉಳಿಯುತ್ತದೆ. ಕಣ್ಣಿನ ಹಿಂಭಾಗದಲ್ಲಿ ಊತವಿರುವ ಅನುಮಾನ ಬಂದರೆ ಸ್ಕ್ಯಾನಿಂಗ್.

ಆಮೇಲೆ ಕಾರಣ ಹುಡುಕಬೇಕು. 'ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯಾಗಿರುತ್ತಾ?' ಎಂದು ಕೇಳಿದರೆ ಕಣ್ಣಿಗೂ ಬೆರಳಿಗೂ ಏನು ಸಂಬಂಧ ಅನ್ನಬೇಡಿ. ಈ ಕಾಯಿಲೆಯ ಹಿಂದೆ ಎಷ್ಟೋ ಸಲ ರುಮಟಾಯ್ಡ್ ಕೀಲುವಾತ ಇರುತ್ತದೆ. ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸುತ್ತಾರೆ. ಟಿಬಿ, ಸಿಫಿಲಿಸ್, ಸರ್ಪಸುತ್ತಿನಂಥ ಸೋಂಕು ಇಲ್ಲವೆಂದು ನೋಡಿಕೊಳ್ಳುವುದೂ ಮುಖ್ಯ. ಸೋಂಕಿದ್ದಾಗ ಬರೀ ಸ್ಟೀರಾಯ್ಡ್ ಕೊಟ್ಟರೆ ಅದು ಇನ್ನೂ ಹಬ್ಬುತ್ತದೆ.

ಸೋಂಕಿಲ್ಲದ ಸೌಮ್ಯ ಕಾಯಿಲೆಗೆ ಇಂಡೊಮೆಥಾಸಿನ್‌ನಂಥ ಉರಿಯೂತ ಇಳಿಸುವ ಮಾತ್ರೆ ಸಾಕಾಗಬಹುದು. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇದ್ದವರು ಮೊದಲೇ ಹೇಳಿ. ಅದಕ್ಕೆ ಬಗ್ಗದಿದ್ದರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ, ಸಾಮಾನ್ಯವಾಗಿ ದಿನಕ್ಕೆ ದೇಹದ ತೂಕದ ಕಿಲೋಗೆ 1 ಮಿಗ್ರಾಂವರೆಗೆ. ತೀವ್ರವಾದರೆ ಆಸ್ಪತ್ರೆಯಲ್ಲಿ ಮಿಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್, ಸಾಮಾನ್ಯವಾಗಿ 3 ದಿನ. ಶುಗರ್, ಬಿಪಿ ಏರಬಹುದು, ಹಾಗಂತ ಮಾತ್ರೆಯನ್ನು ಸುಮ್ನೆ ನಿಲ್ಲಿಸಬಾರದು. ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಸ್ಟೀರಾಯ್ಡ್ ಜಾಸ್ತಿ ದಿನ ಎಳೆಯದಿರಲಿ ಅಂತ ರೋಗನಿರೋಧಕ ವ್ಯವಸ್ಥೆಯ ಅಬ್ಬರ ತಗ್ಗಿಸುವ ಮೆಥೊಟ್ರೆಕ್ಸೇಟ್ ಸೇರಿಸುತ್ತಾರೆ. ಎಚ್ಚರ ಬೇಕಾಗಿರುವುದು ಇಲ್ಲೇ. ಅದು ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ವಾರದ ದಿನವನ್ನು ಮಾತ್ರೆಯ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಬಿಡಿ, ಮನೆಯವರಿಗೂ ಹೇಳಿ. ಜೊತೆಗೆ ಫೋಲಿಕ್ ಆ್ಯಸಿಡ್ ಕೊಡುತ್ತಾರೆ, ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ತಪ್ಪಿಸುವಂತಿಲ್ಲ. ಗರ್ಭಿಣಿಯರಿಗೆ ಈ ಔಷಧಿ ಕೂಡದು. ಇದಕ್ಕೂ ಹಿಡಿತ ಸಿಗದಿದ್ದರೆ ರಿಟುಕ್ಸಿಮ್ಯಾಬ್, ಅಡಲಿಮ್ಯಾಬ್‌ನಂಥ ಇಂಜೆಕ್ಷನ್‌ಗಳಿವೆ, ದುಬಾರಿ.

ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಅಂಚು ಕರಗತೊಡಗಿದರೆ ಅದು ತುರ್ತು. ಸಣ್ಣ ತೂತಾದರೆ ವೈದ್ಯಕೀಯ ಅಂಟು ಹಾಕಿ ಮುಚ್ಚುತ್ತಾರೆ, ದೊಡ್ಡದಾದರೆ ದಾನಿಯ ಅಂಗಾಂಶದ ತೇಪೆ. ಒಳಗಿನ ಉರಿಯೂತ ತಣ್ಣಗಾಗದಿದ್ದರೆ ಆ ತೇಪೆಯೂ ಕರಗುತ್ತದೆ. ಹಾಗಾಗಿ ಕಣ್ಣಿನ ಡಾಕ್ಟರ ಜೊತೆ ಕೀಲುವಾತದ ತಜ್ಞರು (ರುಮಟಾಲಜಿಸ್ಟ್) ಕೂಡ ಬೇಕು. ಮಾತ್ರೆ ಇಳಿಸುವಾಗ ರಾತ್ರಿ ನೋವು ಮರಳಿದರೆ ಅಥವಾ ದೃಷ್ಟಿ ಮಂಜಾದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಹೋಗಿ.