ಮೋಕಾದಲ್ಲಿ 22 ಅಂಕ: ಎಂಸಿಐಯೋ, ಡಿಮೆನ್ಷಿಯಾವೋ?

ಮೋಕಾ ಎಂಬ 30 ಅಂಕದ ಅರಿವಿನ ಪರೀಕ್ಷೆಯಲ್ಲಿ ಒಂದೇ 22 ಅಂಕ ಪಡೆದ ಇಬ್ಬರಲ್ಲಿ ಒಬ್ಬರಿಗೆ ಎಂಸಿಐ, ಅಂದರೆ ಅರಿವಿನ ಸೌಮ್ಯ ಕುಂದು, ಇನ್ನೊಬ್ಬರಿಗೆ ಆರಂಭದ ಡಿಮೆನ್ಷಿಯಾ, ಅಂದರೆ ದಿನನಿತ್ಯದ ಕೆಲಸಕ್ಕೇ ಅಡ್ಡಿಯಾಗುವಷ್ಟು ಕುಂದು, ಇರಬಹುದು. ಪರೀಕ್ಷೆ ಕುಂದನ್ನು ತೋರಿಸುತ್ತದೆ, ಹಂತ ಗೊತ್ತಾಗುವುದು ದಿನನಿತ್ಯದ ಕೆಲಸದಲ್ಲಿ.

1. ಕನ್ನಡಕ, ಶ್ರವಣಯಂತ್ರ ಹಾಕಿಸಿ. ಜ್ವರವಿದ್ದರೆ, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ ಪರೀಕ್ಷೆ ಮುಂದೂಡಿ. ಅಂಕ ಇಳಿಸಬಲ್ಲ ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ನಿದ್ದೆ ಮಾತ್ರೆಗಳ ಕಡೆ ಗಮನವಿರಲಿ.

2. ಎಂಎಂಎಸ್‌ಇ ಎಂಬ ಇನ್ನೊಂದು ಅರಿವಿನ ಪರೀಕ್ಷೆಯೊಂದನ್ನೇ ನೆಚ್ಚಬೇಡಿ. ನೆನಪಿಡಬೇಕಾದ್ದು ಮೂರೇ ಪದ, ಚೆನ್ನಾಗಿ ಓದಿದವರು ಸಲೀಸಾಗಿ ದಾಟಿಬಿಡುತ್ತಾರೆ. ಮೋಕಾ ಮೇಲು. 30ಕ್ಕೆ 26 ಅಥವಾ ಮೇಲೆ ಬಂದರೆ ಸಹಜ, 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದಂಕ ಹೆಚ್ಚು. ತೀರಾ ಕಡಿಮೆ ಓದಿದವರಿಗೆ ಆ ಒಂದಂಕವೂ ಸಾಲದು, ಆರೋಗ್ಯವಂತರೇ ಕುಂದಿದವರಂತೆ ಕಾಣುತ್ತಾರೆ. ಮೊಬೈಲಿನ ನೆನಪಿನ ಆಟಗಳನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

3. ಮೋಕಾದ ಐದು ಪದಗಳನ್ನು ಸೆಕೆಂಡಿಗೊಂದರಂತೆ ಎರಡು ಸಲ ಓದಿ, ಎರಡೂ ಸಲ ಹೇಳಿಸಿ. ಇದಕ್ಕೆ ಅಂಕವಿಲ್ಲ. ಸುಮಾರು ಐದು ನಿಮಿಷದ ನಂತರ ಕೇಳಿದಾಗ ತಾವಾಗಿಯೇ ಹೇಳಿದ ಪದಕ್ಕೆ ಮಾತ್ರ ಅಂಕ. ಪಕ್ಕದಲ್ಲಿ ಕೂತ ಮನೆಯವರು ಸನ್ನೆ ಮಾಡಿದರೆ ಪರೀಕ್ಷೆ ಕೆಟ್ಟಿತು, ಅವರನ್ನು ಹೊರಗೆ ಕೂರಿಸಿ. ಬಾರದ ಪದಕ್ಕೆ ‘ಅದೊಂದು ಹಣ್ಣು’ ಎಂಬಂಥ ಸುಳಿವು ಕೊಡಿ, ಆಮೇಲೆ ಮೂರರಲ್ಲಿ ಆರಿಸಲು ಹೇಳಿ. ಅಂಕ ಸಿಗದೆಂದು ಇದನ್ನು ಬಿಡುವವರೇ ಹೆಚ್ಚು. ಸುಳಿವಿಗೆ ಪದ ಬಂದರೆ ಅದು ಒಳಗೆ ಉಳಿದಿದೆ, ಹೊರತೆಗೆಯುವುದೇ ಕಷ್ಟ. ಸುಳಿವಿಗೂ ಬಾರದಿದ್ದರೆ ನೆನಪು ಕೂತೇ ಇಲ್ಲ, ಆಲ್ಝೈಮರ್ ಗುಮಾನಿ ಬಲವಾಗುತ್ತದೆ. ಆದರೆ ಅದು ಎಂಸಿಐ ಹಂತದಲ್ಲೂ ಕಾಣಬಹುದು.

4. ಎಡವುವುದು ಇಲ್ಲಿ. ಹತ್ತಿರದವರೊಬ್ಬರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ದಿನನಿತ್ಯದ ಕೆಲಸಗಳನ್ನು ಅಳೆಯುವ ಎಫ್‌ಎಕ್ಯೂ ಪ್ರಶ್ನಾವಳಿ ತುಂಬಿಸಿ. ಹಣಕಾಸು, ಅಂಗಡಿ, ಅಡುಗೆ, ಪ್ರಯಾಣ, ಮಾತ್ರೆ ಮೊದಲಾದ ಹತ್ತು ಬಾಬತ್ತು. ತೊಂದರೆಯಿಲ್ಲದಿದ್ದರೆ 0, ಕಷ್ಟಪಟ್ಟು ತಾವೇ ಮಾಡಿದರೆ 1, ನೆರವು ಬೇಕಾದರೆ 2, ಪೂರ್ತಿ ಬೇರೆಯವರೇ ಮಾಡಿದರೆ 3. ‘ಮಾತ್ರೆ ತಗೋತಾರಾ?’ ಎಂದರೆ ‘ಹೂಂ’ ಎನ್ನುತ್ತಾರೆ. ‘ಡಬ್ಬಿಗೆ ತುಂಬುವವರು ಯಾರು? ಯಾವಾಗಿಂದ? ನೀವು ಎರಡು ದಿನ ಊರಲ್ಲಿರದಿದ್ದರೆ?’ ಎಂದು ಕೇಳಿ. ಸಂಗಾತಿ ಸದ್ದಿಲ್ಲದೆ ವಹಿಸಿಕೊಂಡ ಕೆಲಸಗಳೆಲ್ಲ ಆಗ ಹೊರಬರುತ್ತವೆ. ಅಡುಗೆ ಎಂದೂ ಮಾಡದವರಿಗೆ 3 ಹಾಕಬೇಡಿ: ಈಗ ಮಾಡಬಲ್ಲರಾದರೆ 0, ಕಷ್ಟವಾದೀತು ಎನಿಸಿದರೆ 1. ಮಂಡಿನೋವಿಂದ ಅಂಗಡಿಗೆ ಹೋಗದವರದೂ ಅರಿವಿನ ಕುಂದಲ್ಲ. ಒಟ್ಟು 9 ಅಥವಾ ಮೇಲಾದರೆ ಡಿಮೆನ್ಷಿಯಾ ಕಡೆ ವಾಲುತ್ತದೆ. ನಿಧಾನವಾದರೂ, ಚೀಟಿ ಬರೆದಿಟ್ಟುಕೊಂಡಾದರೂ ತಾವೇ ನಿಭಾಯಿಸುತ್ತಿದ್ದರೆ ಎಂಸಿಐ.

5. ಆರರಿಂದ ಹನ್ನೆರಡು ತಿಂಗಳೊಳಗೆ ಮೋಕಾದ ಬೇರೆ ಆವೃತ್ತಿಯಿಂದ ಮತ್ತೆ ಪರೀಕ್ಷಿಸಿ. ಅದೇ ಹಾಳೆ ಕೊಟ್ಟರೆ ಅಭ್ಯಾಸಬಲದಿಂದ ಅಂಕ ಏರುತ್ತದೆ. ಎಫ್‌ಎಕ್ಯೂವನ್ನು ಮಾತ್ರ ಹಿಂದೆ ಉತ್ತರಿಸಿದವರಿಂದಲೇ ತುಂಬಿಸಿ.