ರಿಪೋರ್ಟ್ ನಾರ್ಮಲ್ ಬಂದವರಿಗೆ ರಜೆ ಬರೆಯುವುದು: ಭೋಸರಿಯಲ್ಲಿ ನನ್ನ ಅನುಭವ

ಪುಣೆಯ ಭೋಸರಿ ಎಂಐಡಿಸಿ (ಕೈಗಾರಿಕಾ ಪ್ರದೇಶ) ಪಕ್ಕದಲ್ಲಿ ನನ್ನ ಕ್ಲಿನಿಕ್ ಇದೆ. ಬರುವವರಲ್ಲಿ ಅರ್ಧಕ್ಕರ್ಧ ವಿಜಯಪುರ, ಕಲಬುರಗಿ ಕಡೆಯ ಜನ. ಪ್ರೆಸ್ ಶಾಪ್ (ಲೋಹದ ಶೀಟ್ ಒತ್ತಿ ಕತ್ತರಿಸುವ ಕಡೆ), ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್), ಪ್ಯಾಕಿಂಗ್, ಹೌಸ್‌ಕೀಪಿಂಗ್, ಹೆಚ್ಚಿನವರು ಠೇಕೇದಾರನ, ಅಂದರೆ ಗುತ್ತಿಗೆದಾರನ, ಕೈಕೆಳಗೆ. “ಮೈಕೈ ಹರಿದಂಗ ಆಗ್ತೈತ್ರಿ ಸಾಹೇಬ್ರ, ಕಾಲು ಸೆಳೀತಾವ. ರಿಪೋರ್ಟ್ ಎಲ್ಲಾ ನಾರ್ಮಲ್ ಅಂತಾರ. ಒಂದ್ ಎಂಟ್ ದಿನ ಚೀಟಿ ಬರ್ಕೊಡ್ರಿ.” ಈ ಮಾತು ಕೇಳದ ದಿನವಿಲ್ಲ. ಇಂಥವರಿಗೆ ರಜೆ ಬರೆಯುವ ನನ್ನ ಕ್ರಮ ನೋಡಿ ನಮ್ಮ ಡಾಕ್ಟರ್ ಗೆಳೆಯರೇ “ಇದು ನಡೆಯೋದಿಲ್ಲ, ನಿನ್ನ ಓಪಿಡಿ ಖಾಲಿ ಆಗ್ತದ” ಅಂದಿದ್ದರು. ನಾಲ್ಕು ವರ್ಷದ ಮೇಲಾಯಿತು, ನಡೆಯುತ್ತಿದೆ, ಓಪಿಡಿಯೂ ತುಂಬಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಸಕ್ಕರೆ, ಅನುಮಾನವಿದ್ದರೆ ಟಿಬಿ ಪರೀಕ್ಷೆ, ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಪ್ರಶ್ನಾವಳಿ), ಇದೆಲ್ಲ ಡಾಕ್ಟರರಾದ ನಿಮಗೆ ಗೊತ್ತಿದ್ದದ್ದೇ. ತೂಕ ಇಳಿದರೆ, ರಾತ್ರಿ ಜ್ವರ ಬಂದರೆ, ಪಾದ ಜೋತುಬಿದ್ದರೆ ಅದು ಬೇರೆ ದಾರಿ. ನಾನು ಹೇಳುತ್ತಿರುವುದು ಅವೆಲ್ಲ ಮುಗಿದ ಮೇಲೂ ನೋವು ಉಳಿದವರ ಬಗ್ಗೆ.

ಮೊದಲು ನಡೆಯದೇ ಹೋದದ್ದನ್ನು ಹೇಳುತ್ತೇನೆ. ಕೇಳಿದಷ್ಟು ದಿನ, ಅಂದರೆ ಏಳೆಂಟು ದಿನ, ಬರೆದುಕೊಟ್ಟರೆ ಸಂಜೆಯೇ ಊರಿನ ಬಸ್ಸು. ಊರಲ್ಲಿ ಹೊಲದ ಕೆಲಸ, ಇಲ್ಲವೇ ಜಾತ್ರೆ, ಇಲ್ಲವೇ ಮದುವೆ. ಮೂರು ವಾರಕ್ಕೆ ತಿರುಗಿ ಬಂದರೆ ಮಷೀನ್ ಮುಂದೆ ಬೇರೆಯವನು ನಿಂತಿರುತ್ತಾನೆ. ನೋವು ಹಾಗೇ ಇರುತ್ತದೆ, ಕೆಲಸ ಮಾತ್ರ ಹೋಗಿರುತ್ತದೆ. ರಿಪೋರ್ಟ್ ಸರಿ ಇದೆ, ರಜೆ ಇಲ್ಲ ಅಂದರೆ ಮುಂದಿನ ಗಲ್ಲಿಯಲ್ಲಿ ‘ಟೈಫಾಯ್ಡ್’ ಎಂದು ಚೀಟಿ ಸಿಗುತ್ತದೆ, ಅದನ್ನು ನಿಜವೆಂದು ತೋರಿಸಲು ಐದು ದಿನದ ಆ್ಯಂಟಿಬಯಾಟಿಕ್ಕೂ ಹೊಟ್ಟೆಗೆ ಹೋಗುತ್ತದೆ. ಇನ್ನಷ್ಟು ಪರೀಕ್ಷೆ ಮಾಡಿಸೋಣ ಅಂದರೆ ಎಂಆರ್‌ಐ ಒಂದಕ್ಕೇ ಐದಾರು ಸಾವಿರ. ಹದಿನೈದು ಸಾವಿರ ಪಗಾರದವನಿಗೆ ಅದು ಹತ್ತು ಹನ್ನೆರಡು ದಿನದ ದುಡಿಮೆ. ವರದಿಯಲ್ಲಿ ಡಿಸ್ಕ್ ಒಂಚೂರು ಉಬ್ಬಿದೆ ಅಂತ ಬಂದರಂತೂ ಆತ ಬಗ್ಗುವುದನ್ನೇ ಬಿಡುತ್ತಾನೆ.

ನಡುವೆ ಇನ್ನೊಂದನ್ನೂ ಮಾಡಿ ನೋಡಿದೆ. ಚೀಟಿಗೆ ಬೇರೆಯಾಗಿ ನೂರು ರೂಪಾಯಿ ಇಟ್ಟೆ, ಸುಮ್ಮನೆ ಕೇಳುವವರು ಕಡಿಮೆಯಾಗಲಿ ಅಂತ. ಆದದ್ದು ಉಲ್ಟಾ. ದುಡ್ಡು ಕೊಟ್ಟ ಮೇಲೆ ದಿನ ಎಷ್ಟು ಅನ್ನುವುದನ್ನು ಅವರೇ ಹೇಳತೊಡಗಿದರು. ಎರಡು ತಿಂಗಳಲ್ಲಿ ಅದನ್ನು ತೆಗೆದೆ. ಈಗ ನೋಡುವುದಕ್ಕೆ ಫೀ ಇದೆ, ಚೀಟಿಗೆ ಇಲ್ಲ. ಹೊಸ ಕ್ರಮ ಶುರುವಾದಾಗ ಮೊದಲ ಆರು ತಿಂಗಳು ತಿಂಗಳಿಗೆ ಆರೇಳು ಸಾವಿರ ಕಡಿಮೆ ಬಂತು, ಬರೀ ಚೀಟಿಗೆ ಬರುವವರು ನಿಂತದ್ದಕ್ಕೆ. ಆಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವವರು ಹೆಚ್ಚಿದರು, ಲೆಕ್ಕ ಸರಿಹೋಯಿತು.

ಕ್ರಮ ಇಷ್ಟೇ. ನೋವು ನಿಜವೋ ಸುಳ್ಳೋ ಎಂದು ತೂಗುವುದನ್ನು ಬಿಟ್ಟೆ. ಈ ಕೆಲಸದ ಯಾವ ಭಾಗ ಈ ಮೈಯಿಂದ ಈಗ ಆಗುವುದಿಲ್ಲ, ಎಲ್ಲಿಯವರೆಗೆ? ಇದನ್ನು ಮಾತ್ರ ಕೇಳುತ್ತೇನೆ. ಬಾಯಲ್ಲಿ ಕೇಳಿದರೆ “ಎಲ್ಲಾ ಆಗಂಗಿಲ್ರಿ” ಎಂಬ ಉತ್ತರ ಬರುತ್ತದೆ. ಹಾಗಾಗಿ ಶಿಫ್ಟನ್ನು ಕ್ಲಿನಿಕ್ಕಿನಲ್ಲೇ ಮಾಡಿ ತೋರಿಸಲು ಹೇಳುತ್ತೇನೆ.

ಇಂಡಿ ತಾಲೂಕಿನ ಒಬ್ಬ ಹುಡುಗ, ಪವರ್ ಪ್ರೆಸ್ ಆಪರೇಟರ್. ಸೊಂಟದಿಂದ ಎಡಗಾಲಿನವರೆಗೆ ಸೆಳೆತ, ಕೈ ಜೋಮು, ಎದೆ ಭಾರ, ನಿದ್ದೆ ಇಲ್ಲ. ಮೂರು ಡಾಕ್ಟರ್ ಆಗಿತ್ತು, ಏಳೆಂಟು ಸಾವಿರ ಕರಗಿತ್ತು. “ನಿನ್ನ ಮಷೀನ್ ಇಲ್ಲೈತಿ ಅಂತ ತಿಳ್ಕೋ, ಕೆಲಸ ಮಾಡು ತಮ್ಮಾ” ಅಂದೆ. ನಾಚಿದ, ಆಮೇಲೆ ನಿಂತ. ಎಡಗೈಯಲ್ಲಿ ಶೀಟ್ ತೆಗೆದ, ಇಟ್ಟ, ಬಲಗಾಲಿನಿಂದ ಪೆಡಲ್ ಒತ್ತಿದ, ತುಂಡು ತೆಗೆದು ಬಲಕ್ಕೆ ಹಾಕಿದ. ಮತ್ತೆ ಅದೇ. ಎರಡು ನಿಮಿಷ ಮಾತಾಡದೆ ನೋಡಿದೆ. ಅಷ್ಟು ಹೊತ್ತೂ ಮೈಭಾರ ಎಡಗಾಲ ಮೇಲೇ ಇತ್ತು, ಬಲ ಹಿಮ್ಮಡಿ ಒಮ್ಮೆಯೂ ನೆಲಕ್ಕೆ ಕೂರಲಿಲ್ಲ. ಹನ್ನೆರಡು ತಾಸಿನ ಶಿಫ್ಟ್, ವಾರ ಬಿಟ್ಟು ವಾರ ರಾತ್ರಿಪಾಳಿ. ಇದು ಅವನ ಕೈ ಜೋಮನ್ನೂ ಎದೆ ಭಾರವನ್ನೂ ವಿವರಿಸುವುದಿಲ್ಲ, ನಾನೂ ಹಾಗೆ ಹೇಳಲಿಲ್ಲ. ಆದರೆ ಏನು ಬರೆಯಬೇಕು ಅನ್ನುವುದು ಸಿಕ್ಕಿತು. ಮೂರು ದಿನ ಪೂರ್ತಿ ರಜೆ, ನಾಲ್ಕನೇ ದಿನ ಬೆಳಿಗ್ಗೆ ನನ್ನ ಹತ್ತಿರ, ಅಲ್ಲಿಂದ ಎರಡು ವಾರ ಪೆಡಲ್ ಕೆಲಸ ಮತ್ತು ರಾತ್ರಿಪಾಳಿ ಬೇಡ, ಬೇರೆ ಕೆಲಸ ಆಗುತ್ತದೆ.

ಫ್ಯಾಕ್ಟರಿಯಿಂದ ಚೀಟಿ ವಾಪಸ್ ಬಂತು. ‘ಫಿಟ್’ ಅನ್ನಿ, ಇಲ್ಲ ‘ಅನ್‌ಫಿಟ್’ ಅನ್ನಿ, ನಡುವಿನದು ನಮ್ಮಲ್ಲಿಲ್ಲ ಅಂದರು. ನಡುವಿನದು ಇದೆ. ಬ್ರಿಟನ್‌ನಲ್ಲಿ 2010ರಿಂದ ಡಾಕ್ಟರ ಚೀಟಿಯಲ್ಲೇ ‘ಇಂಥ ಬದಲಾವಣೆ ಮಾಡಿದರೆ ಕೆಲಸ ಮಾಡಬಹುದು’ ಎಂಬ ಜಾಗವಿದೆ: ಹಂತ ಹಂತವಾಗಿ ಮರಳುವುದು, ಹೊತ್ತು ಬದಲಿಸುವುದು, ಕೆಲಸ ಬದಲಿಸುವುದು, ಜಾಗದಲ್ಲಿ ಮಾರ್ಪಾಡು. ಅಲ್ಲಿ ಮೊದಲ 7 ದಿನಕ್ಕೆ ಡಾಕ್ಟರ ಚೀಟಿಯೇ ಬೇಕಾಗಿಲ್ಲ. ನಮ್ಮಲ್ಲಿ ಒಂದು ಖಾಡಾ (ಗೈರುಹಾಜರಿ) ಬಿದ್ದರೂ ಕಾಗದ ಕೇಳುತ್ತಾರೆ. ಹುಡುಗನ ಒಪ್ಪಿಗೆ ಪಡೆದು ಸೂಪರ್‌ವೈಸರಿಗೆ ಫೋನ್ ಮಾಡಿ ಮರಾಠಿಯಲ್ಲಿ ಮಾತಾಡಿದೆ. ಕಾಯಿಲೆಯ ಸುದ್ದಿ ಎತ್ತಲಿಲ್ಲ, ಪೆಡಲ್ ಮತ್ತು ಪಾಳಿಯ ಮಾತು ಮಾತ್ರ. ಹೊಸಬನಿಗೆ ಕಲಿಸುವುದಕ್ಕಿಂತ ಇವನನ್ನು ಎರಡು ವಾರ ಪ್ಯಾಕಿಂಗಿಗೆ ಹಾಕುವುದು ಅವರಿಗೂ ಅಗ್ಗ ಅಂದಾಗ ಒಪ್ಪಿದರು. ಫೋನಿನಲ್ಲಿ ಯಾವ ಮಾತು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ನನ್ನದೊಂದು ಕ್ರಮವಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಹುಡುಗ ಈಗಲೂ ಅದೇ ಪ್ರೆಸ್ಸಿನಲ್ಲಿದ್ದಾನೆ. ಕಾಲು ಆಗಾಗ ಸೆಳೆಯುತ್ತದೆ, ಆದರೆ ಖಾಡಾ ಇಲ್ಲ.

ಚೀಟಿಯಲ್ಲಿ ಸುಳ್ಳು ರೋಗದ ಹೆಸರು ಬರೆಯುವುದಿಲ್ಲ. ‘ಸೊಂಟ ಮತ್ತು ಕಾಲು ನೋವು, ಕಾರಣ ಪರಿಶೀಲನೆಯಲ್ಲಿದೆ’ ಅಂತ ಇದ್ದದ್ದನ್ನೇ ಬರೆಯುತ್ತೇನೆ. ಹಿಂದಿನ ತಾರೀಖು ಹಾಕುವುದಿಲ್ಲ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಂತೆ ಸರ್ಟಿಫಿಕೇಟುಗಳ ರಿಜಿಸ್ಟರ್, ರೋಗಿಯ ಗುರುತಿನ ಚಿಹ್ನೆ, ಒಂದು ಪ್ರತಿ ನಮ್ಮಲ್ಲಿ ಇರಲೇಬೇಕು. ಡಾಕ್ಟರರಲ್ಲಿ ಎಷ್ಟು ಜನ ಇಟ್ಟಿದ್ದೀರಿ? ನನ್ನ ರಿಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಿದೆ: ಹೇಳಿದ ತಾರೀಖಿಗೆ ಬಂದನೇ? ಹತ್ತರಲ್ಲಿ ಏಳು ಜನ ಬರುತ್ತಾರೆ. ಎಂಟು ದಿನದ ಚೀಟಿ ಇದ್ದಾಗ ಮೂರು ಜನ ಬಂದರೆ ಹೆಚ್ಚಾಗಿತ್ತು.

ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಾರ್ಡಿನವರಿಗೆ ಕಾಯಿಲೆ ರಜೆಯ ಭತ್ಯೆಯ ಚೀಟಿ ಅಲ್ಲಿಯ ಡಾಕ್ಟರರಿಂದಲೇ ಆಗಬೇಕು, ಆದರೂ ಲೆಕ್ಕ ನಾನು ಹೇಳಿಕೊಡುತ್ತೇನೆ. ಸರಾಸರಿ ದಿನಗೂಲಿಯ 70%, ವರ್ಷಕ್ಕೆ ಹೆಚ್ಚೆಂದರೆ 91 ದಿನ, ಮೊದಲ 2 ದಿನಕ್ಕೆ ಏನೂ ಇಲ್ಲ. ದಿನಕ್ಕೆ 500 ದುಡಿಯುವವನಿಗೆ ಮೂರು ದಿನದ ರಜೆಯಲ್ಲಿ ಕೈಗೆ ಬರುವುದು 350, ಹೋಗುವುದು 1,150. ಏಳು ದಿನದ್ದಾದರೆ ಬರುವುದು 1,750, ಹೋಗುವುದೂ 1,750. ರಜೆ ಉದ್ದವಾದಷ್ಟು ಆ ಎರಡು ದಿನದ ಪೆಟ್ಟು ಹಗುರ ಅನಿಸುತ್ತದೆ, ಅದಕ್ಕೇ ಏಳೆಂಟು ದಿನ ಕೇಳುತ್ತಾರೆ. ಅವರನ್ನು ಕಳ್ಳರೆಂದು ಕಾಣುವ ಡಾಕ್ಟರರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಠೇಕೇದಾರನ ಕಡೆಯವರಲ್ಲಿ ಎಷ್ಟೋ ಜನರಿಗೆ ಈ ಕಾರ್ಡೂ ಕೈಗೆ ಬಂದಿರುವುದಿಲ್ಲ, ಅವರಿಗೆ ರಜೆ ಅಂದರೆ ಪೂರಾ ನಷ್ಟ.

ಹೆಂಗಸರಲ್ಲಿ ಈ ಕ್ರಮ ಮೊದಲು ಕೆಲಸ ಮಾಡಲಿಲ್ಲ. ರಜೆ ಕೊಟ್ಟರೆ ನೋವು ಹೆಚ್ಚಾಗುತ್ತಿತ್ತು. ಪ್ಯಾಕಿಂಗ್ ಲೈನಿನ ಅಕ್ಕ ಒಬ್ಬರು ಬಿಡಿಸಿ ಹೇಳಿದರು: “ಮನ್ಯಾಗ ಇದ್ರ ನೀರು ತುಂಬೂದು, ರೊಟ್ಟಿ ಬಡಿಯೂದು, ಅತ್ತಿ ಔಷಧ, ಎಲ್ಲಾ ನನ್ನ ಮ್ಯಾಲ ಬೀಳ್ತದ್ರಿ. ಕಂಪನಿಯೊಳಗ ಊಟದ ಹೊತ್ತಿಗೆ ಅರ್ಧ ತಾಸರ ಕುಂದ್ರತೀನಿ.” ಅಂದಿನಿಂದ ಹೆಂಗಸರಿಗೆ ಶಿಫ್ಟಿನ ಜೊತೆ ಮನೆಯ ದಿನವನ್ನೂ ಕೇಳುತ್ತೇನೆ. ಪೂರ್ತಿ ರಜೆ ಕಡಿಮೆ ಬರೆಯುತ್ತೇನೆ, ಕೂತು ಮಾಡುವ ಕೆಲಸ ಕೊಡಿ ಎಂದು ಹೆಚ್ಚು ಬರೆಯುತ್ತೇನೆ, ಗಂಡನನ್ನೋ ಮಗನನ್ನೋ ಒಮ್ಮೆ ಕರೆಸುತ್ತೇನೆ. ಹತ್ತು ರೂಪಾಯಿಯ ನೋಟ್‌ಬುಕ್ ಕೊಟ್ಟು ನೋವಿನ ಡೈರಿ ಬರೆಸಿಯೂ ನೋಡಿದೆ. ನೋವನ್ನೇ ಎಣಿಸುತ್ತ ಕೂತವರಿಗೆ ನೋವು ಬೆಳೆಯಿತು. ಅದನ್ನು ಬಿಟ್ಟು ಇವತ್ತು ಏನೇನು ಮಾಡಿದೆ ಎಂದು ಮಾತ್ರ ಬರೆಯಿಸಿದಾಗ ಉಪಯೋಗವಾಯಿತು, ಬರೆಯಲು ಬರುವವರಿಗೆ.

ಎದ್ದು ಬಾಗಿಲ ಹತ್ತಿರ ಹೋದವರಿಗೆ ನಾನು ಕೇಳುವ ಒಂದು ಪ್ರಶ್ನೆಯಿದೆ, ಕುಡಿತ, ಸಾಲ, ಸೂಪರ್‌ವೈಸರಿನ ಕಾಟ ಹೊರಬರುವುದು ಅಲ್ಲೇ. ಅದು ಎಲ್ಲರ ಬಾಯಿಗೆ ಬಂದರೆ ಉತ್ತರವೂ ಬಾಯಿಪಾಠವಾಗುತ್ತದೆ, ಹಾಗಾಗಿ ಬರೆಯುವುದಿಲ್ಲ. ಎದುರು ಕೂತು ಕೇಳಿದವರಿಗೆ ಹೇಳಿದ್ದೇನೆ.

ಒಂದೇ ನೋವಿಗೆ ಮೂರನೇ ಸಲ ಪೂರ್ತಿ ರಜೆ ಬೇಕಾದರೆ ನಾನೊಬ್ಬನೇ ನಿರ್ಧರಿಸುವುದಿಲ್ಲ, ಮೊದಲಿನಿಂದ ಮೈ ಪರೀಕ್ಷಿಸಿ ಇನ್ನೊಬ್ಬ ಡಾಕ್ಟರರಿಗೂ ತೋರಿಸುತ್ತೇನೆ. ರಾತ್ರಿಪಾಳಿಯವರ ವಿಷಯದಲ್ಲಿ ಮಾತ್ರ ಇನ್ನೂ ಒದ್ದಾಡುತ್ತಿದ್ದೇನೆ. ಪಾಳಿ ಬದಲಿಸಿ ಎಂದು ಬರೆದರೆ ಠೇಕೇದಾರ ಆಳನ್ನೇ ಬದಲಿಸುತ್ತಾನೆ. ಈಗ ಪಾಳಿ ಬಿಡಿಸುವ ಬದಲು ಪಾಳಿಯ ನಡುವೆ ಇಪ್ಪತ್ತು ನಿಮಿಷ ಕೂರಲು ಬಿಡಿ ಎಂದಷ್ಟೇ ಕೇಳುತ್ತಿದ್ದೇನೆ. ಇಬ್ಬರು ಠೇಕೇದಾರರು ಒಪ್ಪಿದ್ದಾರೆ.